ಹೂವಪ್ಪನವರು ಬೇಲಿಯ ಬಳಿ ನಿಂತಿದ್ದು

ಹೂವಪ್ಪನವರೇ, ನೀವು ಪಂದ್ಯ ಮಾರಿಕೊಳ್ಳಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಇಷ್ಟನ್ನು ಬರೆಯಲು ನನಗೆ ಒಂಬತ್ತು ವರ್ಷ ಹಿಡಿಯಿತು.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿದೆ. ಇದನ್ನು ನೀವೊಬ್ಬರೇ ಓದಲೆಂದು ಬರೆಯುತ್ತಿಲ್ಲ.

ಮಲ್ಲಂದೂರಿನ ನಮ್ಮ ತೋಟದಲ್ಲಿ ಹಾಕಿ ಆಡುವುದಕ್ಕೆಂದೇ ಸಂಬಳ ಕೊಟ್ಟು ಹನ್ನೊಂದು ಜನರನ್ನು ಇಟ್ಟುಕೊಂಡಿದ್ದರು. ನೀವು ಅವರ ಕ್ಯಾಪ್ಟನ್. ನಾನು ತೋಟದ ಲೆಕ್ಕಪತ್ರ ಬರೆಯುವ ರೈಟರ್. ತೋಟ ನಡೆಸುವ ದೊರೆಗಳೊಡನೆ ಇಂಗ್ಲಿಷಿನಲ್ಲಿ ಮಾತಾಡಬಲ್ಲವನು ನಾನೊಬ್ಬನೇ. ಆ ವರ್ಷ ಹಳೆಯ ದೊರೆಯನ್ನು ಮೆಚ್ಚಿಸಲು, ಆಟದ ಮೈದಾನದಲ್ಲಿ ಕಾಫಿ ಸಸಿಮಡಿ ಮಾಡಿಸಿದೆ. ಅಭ್ಯಾಸಕ್ಕೆ ನಿಮ್ಮನ್ನು ಕಾಫಿ ಒಣಗಿಸುವ ಗಾರೆಯ ಕಣಕ್ಕೆ ಅಟ್ಟಿದೆ.

"ಗಾರೆ ಮೇಲೆ ಚೆಂಡು ತಾನೇ ಓಡ್ತದೆ ರೈಟ್ರೇ. ಹುಲ್ಲಿನ ಮೇಲೆ ನಾವು ಓಡಿಸ್ಬೇಕು. ಹುಡುಗ್ರ ಕೈ ಕೆಟ್ಟು ಹೋಗ್ತದೆ" ಎಂದಿರಿ.

"ಹೋಗು ಮಾರಾಯ, ಕುಣಿಯೋಕೆ ಬಾರದವಳು ಅಂಗಳ ಡೊಂಕು ಅಂದ್ಳಂತೆ" ಎಂದು ನಕ್ಕೆ.

ಮೂರು ಪಂದ್ಯ ಸೋತೆವು. ನೀವು ಬೇಕೆಂದೇ ಸೋಲುತ್ತಿದ್ದೀರೆಂಬ ಅನುಮಾನವನ್ನು ಮೊದಲು ಬಾಯಿಬಿಟ್ಟು ಹೇಳಿದವರು ಯಾರೋ — ಇಂದಿಗೂ ತಿಳಿಯದು. ನಾಲ್ಕನೆಯ ಪಂದ್ಯ ಜಾವಳಿ ತೋಟದವರ ಮೇಲೆ, ಅವರ ಮೈದಾನದಲ್ಲೇ; ನಿಮ್ಮ ತಂಗಿಯನ್ನು ಕೊಟ್ಟಿದ್ದು ಜಾವಳಿಗೇ ಎಂಬುದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ನೀವು ಚೆಂಡು ಬಿಟ್ಟುಕೊಟ್ಟರೂ ಅನುಮಾನ, ಹಿಡಿದಿಟ್ಟರೂ ಅನುಮಾನ. ನೀವು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಅಷ್ಟರಲ್ಲಿ ಹೊಸ ದೊರೆ ಬಂದಿದ್ದರು. ಸೋಲಿಗೆ ಕಾರಣ ಯಾರೆಂದು ಹುಡುಕುತ್ತಿದ್ದರು. ಏನೆಂದು ಅಲ್ಲ — ಯಾರೆಂದು.

ಜಾವಳಿ ಪಂದ್ಯದ ಬೆಳಿಗ್ಗೆ ನಾನು ನಿಮ್ಮನ್ನು ಪಕ್ಕಕ್ಕೆ ಕರೆದು ಒಂದು ಕೆಲಸ ಹೇಳಿದೆ. ಅವರ ಕ್ಯಾಪ್ಟನ್ನನ್ನು ಗುಟ್ಟಾಗಿ ಕಂಡು, ಒಂದು ಗಂಟೆ ಅವರ ಹುಲ್ಲಿನ ಮೇಲೆ ನಮ್ಮವರಿಗೆ ಅಭ್ಯಾಸ ಮಾಡಲು ಬಿಡುವಂತೆ ಕೇಳಬೇಕು. ದೊರೆಗೆ ತಿಳಿಯಬಾರದು — ತಿಳಿದರೆ ನಮ್ಮ ಮೈದಾನ ಏನಾಯಿತು ಎಂಬ ಪ್ರಶ್ನೆ ಬರುತ್ತದೆ. ನೀವು ಅವರ ಮೈದಾನದ ಬೇಲಿಯ ಬಳಿ ಹೋಗಿ ಅವನೊಡನೆ ಮಾತಾಡಿದಿರಿ. ಅವನು ತಲೆಯಾಡಿಸಿ ನಕ್ಕ. ಒಪ್ಪಲಿಲ್ಲ. ನಾಲ್ಕು ಗೋಲಿನಿಂದ ಸೋತೆವು.

ಮರುದಿನ ದೊರೆ ನನ್ನನ್ನು ಆಫೀಸಿಗೆ ಕರೆಸಿದರು. ನಿಲ್ಲಿಸಿಯೇ ಕೇಳಿದರು: "ಪಂದ್ಯಕ್ಕೆ ಮೊದಲು ಹೂವಪ್ಪ ಎದುರು ಪಕ್ಷದವನ ಜೊತೆ ಬೇಲಿಯ ಹತ್ತಿರ ಮಾತಾಡಿದ್ದನ್ನು ನೀನು ನೋಡಿದೆಯಾ?"

"ನೋಡಿದೆ."

ಕಿಟಕಿಯಿಂದ ಸಸಿಮಡಿ ಕಾಣುತ್ತಿತ್ತು. ಅದು ಮೊದಲಿನಿಂದಲೂ ಹಾಗೇ ಇತ್ತೆಂದು ಅವರು ತಿಳಿದಿದ್ದರು. ಕಳಿಸಿದವನು ನಾನೇ ಎನ್ನಲು ಬಾಯಿ ತೆರೆದೆ, ಆಮೇಲೆ — ಮುಚ್ಚಿದೆ. ಸುಳ್ಳು ಹೇಳಲಿಲ್ಲ. ಇಷ್ಟು ವರ್ಷ ಆ ಒಂದು ಮಾತನ್ನೇ ಹಿಡಿದುಕೊಂಡು ಬದುಕಿದೆ.

ನಿಮ್ಮ ಕ್ಯಾಪ್ಟನ್ ಪಟ್ಟ ಹೋಯಿತು, ಕೆಲಸವೂ ಹೋಯಿತು. ಕೆಲಸಗಾರರ ಲೈನಿನ ಮನೆ ಖಾಲಿ ಮಾಡುವಾಗ ನನ್ನನ್ನು ನಿಲ್ಲಿಸಿ ಕೇಳಿದಿರಿ: "ದೊರೆ ಏನು ಕೇಳಿದ್ರು ರೈಟ್ರೇ?"

"ನೋಡಿದ್ಯಾ ಅಂತ ಕೇಳಿದ್ರು. ನೋಡಿದ್ದು ಹೇಳ್ದೆ."

"ಅಷ್ಟೇನಾ?"

"ಅಷ್ಟೇ."

ನೀವು ಹಾಸಿಗೆ ಸುತ್ತಿ ಹೆಗಲಿಗೇರಿಸಿಕೊಂಡು ಜಾವಳಿಗೆ, ತಂಗಿಯ ಮನೆಗೆ ಹೊರಟಿರಿ — ಜನರಿಗೆ ಬೇಕಿದ್ದ ಕೊನೆಯ ಸಾಕ್ಷಿಯೂ ಸಿಕ್ಕಿತು.

ಇನ್ನು ಹೇಳುವುದು ನಿಮಗೆ ಗೊತ್ತಿಲ್ಲದ್ದು. ದೊರೆ ಟೀಮಿನ ಉಸ್ತುವಾರಿಯನ್ನು ನನಗೇ ಒಪ್ಪಿಸಿದರು. ಮುಂಗಾರು ಹಿಡಿದೊಡನೆ ಸಸಿಗಳನ್ನೆಲ್ಲ ತೋಟಕ್ಕೆ ಸಾಗಿಸಿದೆ. ಮಡಿ ಸಮ ಮಾಡಿಸಿ ಮತ್ತೆ ಹುಲ್ಲು ಹಿಡಿಸಿದೆ. ಮಳೆಗಾಲ ಕಳೆದ ಮೇಲೆ ಅಭ್ಯಾಸ ಅಲ್ಲೇ ನಡೆಯಿತು. ಜಾವಳಿಯವರನ್ನು ಗೆದ್ದೆವು. ನಿಮ್ಮ ಜಾಗಕ್ಕೆ ಬಂದ ಕರಿಬಸಪ್ಪ ನನ್ನ ಬೆನ್ನು ತಟ್ಟಿದ: "ನೋಡಿದ್ರಾ ರೈಟ್ರೇ, ಹುಳ ಹಿಡಿದ ಗಿಡ ಕಿತ್ತು ಹಾಕಿದ್ಮೇಲೆ ತೋಟ ಹೆಂಗೆ ಚಿಗುರ್ತು!" ಎಲ್ಲರೂ ನಕ್ಕರು. ನಾನೂ ನಕ್ಕೆ. ನೀವು ಬೇಡಿಕೊಂಡಿದ್ದ ಹುಲ್ಲೇ ನಿಮ್ಮ ಮೇಲಿನ ಕಳಂಕವನ್ನು ನಿಜ ಮಾಡಿತು — ಅದನ್ನು ಬೆಳೆಸಿದವನು ನಾನು.

ಅಂದಿನಿಂದ ಯಾರಾದರೂ ನನ್ನ ಮುಖವನ್ನು ಒಂದು ಕ್ಷಣ ಹೆಚ್ಚು ನೋಡಿದರೆ, ಇವನಿಗೆ ಗೊತ್ತಿರಬಹುದೇ ಎನ್ನಿಸುತ್ತದೆ. ನಿಮ್ಮ ಮೇಲೆ ಬಿದ್ದ ಕಣ್ಣುಗಳು ಹೇಗಿದ್ದವೆಂದು ಹೀಗೆ ತಿಳಿಯಿತು. ಇದನ್ನು ಶಿಕ್ಷೆ ಎಂದು ಕರೆಯಲಾರೆ. ನಿಮ್ಮ ಹಾಗೆ ನಾನೇನೂ ಮನೆ ಬಿಡಲಿಲ್ಲ.

ಇದರ ಒಂದು ಪ್ರತಿ ನಿಮಗೆ ಕಳಿಸುತ್ತಿದ್ದೇನೆ. ಇನ್ನೊಂದನ್ನು ಸೋಮವಾರ ಬೆಳಿಗ್ಗೆ ಹಾಜರಿಯ ಹೊತ್ತಿಗೆ, ಅದೇ ಕಾಫಿ ಕಣದಲ್ಲಿ ನಿಂತು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ದೊರೆಯ ಕೈಗೆ ಕೊಡುತ್ತೇನೆ. ನೀವು ಬರಬೇಕಾಗಿಲ್ಲ. ಕ್ಷಮಿಸಬೇಕಾಗಿಯೂ ಇಲ್ಲ. ದೊರೆ ಏನು ಕೇಳುವರೋ ತಿಳಿಯದು. ಈ ಸಲ ಕೇಳದಿದ್ದುದನ್ನೂ ಹೇಳುತ್ತೇನೆ.