ಬರ್ತೀನಿ ಅಂದ ಕಳ್ಳ

ಅಕ್ಕನ ಹೃದಯದ ಆಪರೇಷನ್‌ಗೆ ಒಂದೇ ದಿನ ಉಳಿದಿತ್ತು. ಹರಿಹರದಿಂದ ಬಂದು ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿದ್ದಳು. ಮಧ್ಯಾಹ್ನ ಉಂಡು ಕೈ ತೊಳೆದವಳೇ, "ಲೇ, ಆ ಕಳ್ಳರ ಸಿನಿಮಾ ಹಚ್ಚೇ" ಅಂದಳು.

ಅವಳ ಮಗನಿಗೆ ಮೈ ಉರಿಯಿತು. "ಇಂಥಾ ಹೊತ್ನಾಗೆ ಆ ಹಳೇ ತಮಾಷೆ ಯಾಕ ಚಿಕ್ಕಮ್ಮ? ಬ್ಯಾಡ. ವಚನ ಹಚ್ರಿ, ಸಮಾಧಾನ ಆಗ್ತೈತೆ."

"ಎದೆ ಕೊಯ್ಸಿಕೊಳ್ಳೋಳು ಅವಳೋ ನೀನೋ? ಅವಳು ಕೇಳಿದ್ದೇ ಹಚ್ತೀನಿ, ಸುಮ್ನೆ ಕೂತ್ಕೋ" ಅಂದೆ.

ಅದರಲ್ಲಿ ಕಥೆ ಇಲ್ಲವಂತೆ, ಬರೀ ಮಂಗಾಟವಂತೆ. ಇರಲಿ ಬಿಡ್ರಿ! ಲಂಗ ಉಡುತ್ತಿದ್ದ ಕಾಲದಿಂದ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವರು ನಾವು. ನಗೋದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮೂವರು ಕಳ್ಳರು ಬಂಗಾರದ ಅಂಗಡಿಗೆ ನುಗ್ಗುತ್ತಾರೆ. ಒಬ್ಬ ದಡ್ಡ, ರೂಢಿಯಂತೆ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟೇ ಒಳಗೆ ಹೋಗುತ್ತಾನೆ. ಗಂಟು ಹೊತ್ತು ಹೊರಡುವಾಗ, ಗೊರಕೆ ಹೊಡೆಯುವ ಕಾವಲುಗಾರನಿಗೆ ಬಾಯಿತಪ್ಪಿ "ಬರ್ತೀನ್ರೀ" ಅಂತಾನೆ. ಅವನೂ ನಿದ್ದೆಗಣ್ಣಲ್ಲೇ "ಹ್ಞೂ, ಬರ್ರಿ" ಅಂತಾನೆ. ಮರುದಿನ ಅಂಗಡಿ ತುಂಬಾ ಪೊಲೀಸರಿರುವಾಗ ಕಳ್ಳ ಬರಿಗಾಲಲ್ಲಿ ವಾಪಸ್ ಬಂದು ಕೇಳುತ್ತಾನೆ: "ನನ್ನ ಚಪ್ಪಲಿ ಎಲ್ರೀ?"

ಅಕ್ಕ ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕಳು. "ಎದೆ ಜೋಪಾನ ಅವ್ವಾ" ಅಂತ ಮಗ ಒದ್ದಾಡಿದ.

ಮರುದಿನ ಬೆಳಿಗ್ಗೆ ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಅಕ್ಕನ ಚಪ್ಪಲಿ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ಸ್ಟ್ರೆಚರ್ ಹತ್ತಿ ಮಲಗಿದ ಅಕ್ಕ ನನ್ನ ಕಡೆ ಕೈ ಮುಗಿದಳು.

"ಬರ್ತೀನ್ರೀ."

ನಾನು ಕಣ್ಣು ಮುಚ್ಚಿ, ಗೊರಕೆಯ ದನಿ ಮಾಡಿ, "ಹ್ಞೂ, ಬರ್ರಿ" ಅಂದೆ. ಒಡಹುಟ್ಟಿದವರ ಈ ಬಹುವಚನ ಕೇಳಿ ನರ್ಸ್ ತಬ್ಬಿಬ್ಬಾದರು.

ಬಾಗಿಲು ಮುಚ್ಚಿತು. ಚಪ್ಪಲಿಯನ್ನು ಬೆಂಚಿನ ಕೆಳಗಿಡಿ ಅಂತ ಅಕ್ಕನ ಅಳಿಯ, ಸೊಸೆ, ಎಲ್ಲರೂ ಹೇಳಿದರು. ಇಡಲಿಲ್ಲ. ಹೇಳೋರು ಹೇಳಲಿ ಅಂತ ತೊಡೆಯ ಮೇಲೇ ಇಟ್ಟುಕೊಂಡು ಕೂತೆ. ಅವಳು ಬರದಿದ್ದರೆ ಏನು ಮಾಡಲಿ ಅನ್ನೋ ಭಯಕ್ಕೆ ಅದರ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದೆ.

ಮಾರನೇ ದಿನ ಅಕ್ಕ ಕಣ್ಣು ಬಿಟ್ಟಳು. "ಅವ್ವಾ, ಹೆಂಗದೀಯ?" ಅಂತ ಮಗ ಬಗ್ಗಿದ. ಅವಳು ಅವನನ್ನು ದಾಟಿ ನನ್ನನ್ನೇ ಹುಡುಕಿದಳು. ಒಣಗಿದ ತುಟಿ ಅಲುಗಿತು.

"ನನ್ನ ಚಪ್ಪಲಿ ಎಲ್ರೀ?"