ಮಗಳು ಲ್ಯಾಪ್‌ಟಾಪ್ ಬೇಡವೆಂದಳು

ಇದು ಎರಡು ವರ್ಷದ ಹಿಂದಿನ ಜೂನ್ ತಿಂಗಳ ಮಾತು. ನನ್ನ ಮಗಳು ಹರ್ಷಿತಾ ಪಿಯುಸಿ ಮುಗಿಸಿ ವಿಜಯನಗರದ ಒಂದು ಕಾಲೇಜಿನಲ್ಲಿ ಬಿಸಿಎಗೆ ಸೇರಿದ್ದಳು. ನಾನು ಅನ್ನಪೂರ್ಣೇಶ್ವರಿ ನಗರದ ಸಣ್ಣದೊಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಮನೆಯವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಮೂಡಲಪಾಳ್ಯದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಒಬ್ಬಳೇ ಮಗಳು.

ಮನೆಯಲ್ಲಿ ಒಂದು ಕಂಪ್ಯೂಟರ್ ಇದ್ದರೆ ಓದಿಗೆ ಅನುಕೂಲ ಎಂದು ಕಾಲೇಜಿನಲ್ಲಿ ಹೇಳಿ ಕಳಿಸಿದ್ದರು. ಕಂಪ್ಯೂಟರ್ ಎಂದರೆ ಲ್ಯಾಪ್‌ಟಾಪ್ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ನನ್ನ ಅಕ್ಕನ ಮಗ ಕಿರಣ ನಾಲ್ಕೈದು ಮಾಡೆಲ್‌ಗಳ ಹೆಸರನ್ನು ನನ್ನ ಫೋನಿಗೆ ಕಳಿಸಿಯೂ ಆಗಿತ್ತು. ಆದರೆ ಹರ್ಷಿತಾ ಒಂದೇ ಮಾತು ಹಿಡಿದು ಕೂತಳು. ನನಗೆ ಡೆಸ್ಕ್‌ಟಾಪೇ ಬೇಕು, ದೊಡ್ಡ ಮಾನಿಟರ್ ಇರುವಂಥದ್ದು.

"ಈಗ ಯಾರೇ ಡೆಸ್ಕ್‌ಟಾಪ್ ತಗೋತಾರೆ? ನಾಳೆ ಪ್ರಾಜೆಕ್ಟ್ ಅಂದ್ರೆ ಟಿವಿ ಹೊತ್ಕೊಂಡ್ ಹೋದಂಗೆ ಹೊತ್ಕೊಂಡ್ ಹೋಗ್ತೀಯಾ?" ಎಂದು ಕಿರಣ ನಕ್ಕ.

"ಲ್ಯಾಬಲ್ಲಿ ಕಂಪ್ಯೂಟರ್ ಇರುತ್ತೆ. ಪೆನ್‌ಡ್ರೈವ್ ಸಾಕು," ಎಂದಳು.

ನಮ್ಮ ಮನೆಯವರು ಸಮಾಧಾನದಿಂದಲೇ ಕೇಳಿದರು. "ಇಡೋದು ಎಲ್ಲಮ್ಮಾ? ಇರೋದೇ ಒಂದು ರೂಮು, ಒಂದು ಹಾಲು. ಕರೆಂಟ್ ಹೋದ್ರೆ ಕೈ ಕಟ್ಕೊಂಡು ಕೂರ್ಬೇಕು."

ಅವಳು ದಿನಕ್ಕೊಂದು ಕಾರಣ ಕೊಟ್ಟಳು. ಕೀಬೋರ್ಡ್ ಚೆನ್ನಾಗಿರುತ್ತೆ, ಕೆಟ್ಟರೆ ರಿಪೇರಿ ಸುಲಭ, ಬೇಗ ಬಿಸಿಯಾಗಲ್ಲ. ಯಾವುದೂ ನನಗೆ ನಿಜವಾದ ಕಾರಣ ಅನ್ನಿಸಲಿಲ್ಲ. ಸ್ನೇಹಿತೆಯರೆಲ್ಲ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಹಾಕಿಕೊಂಡು ಓಡಾಡುವಾಗ ಇವಳಿಗೇಕೆ ಈ ಹಟ? ಗೇಮ್ ಆಡುವ ಆಸೆಯಿರಬೇಕು ಎಂದುಕೊಂಡೆ. ಒಂದು ಬೆಳಿಗ್ಗೆ ಚಪಾತಿ ಬೇಯಿಸುತ್ತಲೇ ರೇಗಿಬಿಟ್ಟೆ. "ನಿನ್ ಹಟ ಜಾಸ್ತಿ ಆಯ್ತು ಕಣೇ. ನಾವು ಕೊಡ್ಸಿದ್ದನ್ನ ಉಪಯೋಗಿಸೋದನ್ನ ಕಲಿ." ಅವಳು ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.

ಆ ಶನಿವಾರ ನನಗೆ ಅರ್ಧ ದಿನ ಶಾಲೆ. ಊಟ ಮುಗಿಸಿ ನಾನೂ ಮಗಳೂ ಚಂದ್ರಾ ಲೇಔಟ್‌ನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ನಮ್ಮ ಶಾಲೆಯ ಕಂಪ್ಯೂಟರ್‌ಗಳನ್ನು ಆ ಅಂಗಡಿಯವರೇ ರಿಪೇರಿ ಮಾಡುತ್ತಿದ್ದರಂತೆ, ಕ್ಲರ್ಕ್ ವಿಳಾಸ ಕೊಟ್ಟಿದ್ದರು. ಲ್ಯಾಪ್‌ಟಾಪ್ ಕೊಡಿಸಿಯೇ ಬರುವುದೆಂದು ನಾನು ನಿರ್ಧಾರ ಮಾಡಿಕೊಂಡೇ ಹೊರಟಿದ್ದೆ.

ಅಂಗಡಿಯಲ್ಲಿ ಇದ್ದವರು ಸುಮಾರು ನಲವತ್ತೈದರ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಚ್ಚಿಟ್ಟ ಸಿಪಿಯು ಒಂದರ ಧೂಳನ್ನು ಬ್ರಷ್‌ನಿಂದ ತೆಗೆಯುತ್ತಿದ್ದರು. ಹೆಸರು ರೇಣುಕಾ. ಹಾವೇರಿ ಕಡೆಯವರು. ಗಂಡ ಹೊರಗಿನ ಸರ್ವಿಸ್ ನೋಡಿಕೊಂಡರೆ ಅಂಗಡಿ ಇವರದು.

"ಬರ್ರಿ ಮೇಡಮ್, ಕೂಡ್ರಿ. ಯಾರಿಗ್ ಬೇಕಾಗಿತ್ರಿ?"

"ಮಗಳಿಗೆ. ಕಾಲೇಜಿಗೆ. ಲ್ಯಾಪ್‌ಟಾಪ್ ತೋರ್ಸಿ."

"ಡೆಸ್ಕ್‌ಟಾಪ್ ಆಂಟಿ," ಎಂದಳು ಹರ್ಷಿತಾ ನನ್ನ ಬೆನ್ನ ಹಿಂದಿನಿಂದ.

ರೇಣುಕಾ ನಕ್ಕರು. "ಮೊದ್ಲು ಎರಡೂ ಮುಟ್ಟಿ ನೋಡವ್ವಾ. ಆಮ್ಯಾಲ ತಾಯಿ ಮಗಳು ಜಗಳ ಮಾಡ್ರಿ." ಒಂದು ಲ್ಯಾಪ್‌ಟಾಪ್ ಆನ್ ಮಾಡಿ ಅವಳ ಮುಂದಿಟ್ಟು, ಯಾವುದೋ ಪುಟವನ್ನು ತೆರೆದು, ಅದರಲ್ಲಿ ಇದ್ದದ್ದನ್ನು ನೋಡಿಕೊಂಡು ಟೈಪ್ ಮಾಡುವಂತೆ ಹೇಳಿದರು.

ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಕಿರಣ ಕಳಿಸಿದ್ದ ಪಟ್ಟಿಯನ್ನು ಫೋನಿನಲ್ಲಿ ಹುಡುಕುತ್ತಿದ್ದೆ. ಮಗಳ ಕಡೆ ನೋಡಲಿಲ್ಲ. ನೋಡಿದವರು ರೇಣುಕಾ. ಸ್ವಲ್ಪ ಹೊತ್ತಾದ ಮೇಲೆ ಅವರು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟದ್ದು ಕಂಡು ನಾನೂ ತಲೆಯೆತ್ತಿದೆ. ಹರ್ಷಿತಾ ತಲೆಯನ್ನು ಎಡಕ್ಕೆ ವಾಲಿಸಿ, ಬಲಗಣ್ಣನ್ನು ಅರ್ಧ ಮುಚ್ಚಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿದ್ದಳು. ಮನೆಯಲ್ಲಿ ಅವಳು ಓದುವುದೇ ಹಾಗೆ. "ನೆಟ್ಟಗೆ ಕೂತ್ಕೊ" ಎಂದು ಎಷ್ಟು ಸಲ ಬೆನ್ನಿಗೊಂದು ಕೊಟ್ಟಿದ್ದೇನೋ. ಅದನ್ನು ನಾನು ಕೆಟ್ಟ ಅಭ್ಯಾಸ ಎಂದೇ ತಿಳಿದಿದ್ದೆ.

ರೇಣುಕಾ ಅವಳನ್ನು ಗೋಡೆಯ ಪಕ್ಕದ ದೊಡ್ಡ ಮಾನಿಟರ್ ಮುಂದೆ ಕೂರಿಸಿದರು. ಅದೇ ಪುಟವನ್ನು ಅಲ್ಲಿ ತೆರೆದು ಅಕ್ಷರಗಳನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು. ಇನ್ನೂ. ಒಂದು ಸಾಲಿಗೆ ಮೂರು ಪದವಷ್ಟೇ ಹಿಡಿಸುವಷ್ಟಾದಾಗ ಹರ್ಷಿತಾ ಹಿಂದಕ್ಕೆ ಸರಿದು ನೆಟ್ಟಗೆ ಕೂತಳು.

"ನಿನಗ ಅಕ್ಷರ ಒಂದಕ್ಕ ಎರಡು ಕಾಣ್ತಾವೇನವ್ವಾ?" ರೇಣುಕಾ ಮೆಲ್ಲಗೆ ಕೇಳಿದರು.

ನಾನೇ ನಡುವೆ ಬಾಯಿ ಹಾಕಿದೆ. "ಹಂಗೇನಿಲ್ಲ, ಕನ್ನಡಕ ಇದೆಯಲ್ಲ. ಹೋದ ವರ್ಷ ತಾನೆ ಹೊಸದು ಮಾಡ್ಸಿದೀವಿ."

"ಇರ್ಲಿ ಮೇಡಮ್. ಎಡಗಣ್ಣು ಕೈಲೆ ಮುಚ್ಚಿ ಓದು ನೋಡೂಣು, ತಂಗಿ."

ಹರ್ಷಿತಾ ಎಡಗಣ್ಣು ಮುಚ್ಚಿಕೊಂಡಳು. ಪರದೆಯ ಮೇಲಿದ್ದದ್ದು ನನ್ನ ಹೆಬ್ಬೆರಳಿನಷ್ಟು ದಪ್ಪದ ಅಕ್ಷರಗಳು. ಸ್ಟೂಲಿನ ಮೇಲಿಂದ ನನಗೇ ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳು ಓದಲಿಲ್ಲ. ಕನ್ನಡಕ ಸರಿಮಾಡಿಕೊಂಡಳು, ತಲೆ ಅತ್ತಿತ್ತ ಆಡಿಸಿದಳು, ಆಮೇಲೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದಳು.

ತರಗತಿಯಲ್ಲಿ ಯಾವುದಾದರೂ ಮಗು ಬೋರ್ಡ್ ನೋಡಲು ಕಣ್ಣು ಕಿರಿದು ಮಾಡಿದರೆ ಡೈರಿಯಲ್ಲಿ ತಂದೆ ತಾಯಿಗೆ ಬರೆದು ಕಳಿಸುವವಳು ನಾನು. ಎಷ್ಟೋ ಮಕ್ಕಳಿಗೆ ಹಾಗೆ ಕನ್ನಡಕ ಬಂದಿದೆ. ನನ್ನ ಮನೆಯಲ್ಲೇ ಇದ್ದ ಮಗುವಿನ ಬಲಗಣ್ಣಿಗೆ ಹೆಬ್ಬೆರಳಿನಷ್ಟು ದೊಡ್ಡ ಅಕ್ಷರ ಕಾಣುತ್ತಿಲ್ಲ ಎಂಬುದು ನನಗೆ ಗೊತ್ತಾದದ್ದು ಒಂದು ಅಂಗಡಿಯಲ್ಲಿ, ಅರ್ಧ ಗಂಟೆಯ ಹಿಂದೆ ಪರಿಚಯವಾದವರ ಮುಂದೆ.

"ಯಾಕೆ ಹೇಳ್ಲಿಲ್ಲ?" ಎಂದೆ. ಆ ಹೊತ್ತಿನಲ್ಲೂ ನನ್ನ ದನಿ ಗದರಿಸುವ ಹಾಗೇ ಬಂತು.

ರೇಣುಕಾ ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟರು. ನನಗೆ ಹೇಳಿದರು, "ಮೇಡಮ್, ನಾ ಡಾಕ್ಟರ್ ಅಲ್ರಿ. ದಿನಾ ಮಂದಿ ಬಂದು ಸ್ಕ್ರೀನ್ ಮುಂದ ಕೂಡ್ತಾರ, ನೋಡಿ ನೋಡಿ ಗೊತ್ತಾಗ್ತೈತಿ ಅಷ್ಟ. ಇವತ್ತು ಏನೂ ತಗೋಬ್ಯಾಡ್ರಿ. ಸೋಮವಾರ ಕಣ್ಣಿನ ದವಾಖಾನಿಗೆ ಕರ್ಕೊಂಡ್ ಹೋಗ್ರಿ. ಕನ್ನಡಕದ ಅಂಗಡಿಗಲ್ಲ, ದವಾಖಾನಿಗೆ."

"ಡೆಸ್ಕ್‌ಟಾಪೇ ಕೊಟ್ಬಿಡಿ, ಅದನ್ನೇ ಕೇಳ್ತಾ ಇದ್ಲು," ಎಂದೆ. ಅದನ್ನಾದರೂ ಕೊಡಿಸಿದರೆ ನನ್ನ ತಪ್ಪು ಸ್ವಲ್ಪ ಕಡಿಮೆಯಾದೀತು ಅನ್ನಿಸಿತ್ತು.

"ಇವತ್ತು ನಾ ಕೊಡೂದಿಲ್ರಿ," ಎಂದರು. "ದೊಡ್ಡ ಸ್ಕ್ರೀನ್ ಮನಿಗೆ ಹೋತಂದ್ರ ಆಕಿ ಅದರಾಗ ಹೊಂದಿಕೊಂಡ್ಬಿಡ್ತಾಳ. ನೀವೂ ಮರೀತೀರಿ. ಮೊದ್ಲು ಕಣ್ಣು."

ಮನೆಗೆ ಬರುವ ದಾರಿಯಲ್ಲಿ ಒಂದು ಪಾರ್ಕ್ ಇದೆ. ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತೆವು. ಅವಳಾಗಿಯೇ ಹೇಳಲಿ ಎಂದು ಸುಮ್ಮನಿದ್ದೆ. ಅಷ್ಟು ಹೊತ್ತು ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲ.

ಮೊದಲನೇ ಪಿಯುಸಿಯಲ್ಲಿ ಒಂದೇ ವರ್ಷ ಎರಡು ಸಲ ಅವಳ ಕನ್ನಡಕದ ಪವರ್ ಬದಲಾಗಿತ್ತು. ಎರಡನೆಯ ಸಲ ನಾನು, "ಮೊಬೈಲ್ ನೋಡಿ ನೋಡಿ ಕಣ್ಣು ಹಾಳ್ಮಾಡ್ಕೊಂಡೆ" ಎಂದು ಮೂರು ತಿಂಗಳು ಫೋನ್ ಕಸಿದಿಟ್ಟುಕೊಂಡಿದ್ದೆ. ಅದು ನನಗೆ ನೆನಪಿತ್ತು. ನನಗೆ ಗೊತ್ತಿಲ್ಲದೇ ಇದ್ದದ್ದು, ಆ ಹೊಸ ಕನ್ನಡಕದಲ್ಲೂ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದು. ಅಕ್ಷರದ ಪಕ್ಕದಲ್ಲೇ ಅದರ ನೆರಳು ನಿಂತಂತೆ ಕಾಣುತ್ತಿತ್ತಂತೆ. ಬೀದಿದೀಪಗಳು ಹತ್ತಿಯ ಹಾಗೆ ಹರಡಿಕೊಳ್ಳುತ್ತಿದ್ದವಂತೆ. ಬಸ್ ನಂಬರ್ ಕಾಣದೆ ಪಕ್ಕದವರನ್ನು ಕೇಳಿ ಹತ್ತುತ್ತಿದ್ದಳಂತೆ. ತರಗತಿಯಲ್ಲಿ ಪಕ್ಕದ ಹುಡುಗಿಯ ನೋಟ್ಸ್ ನೋಡಿ ಬರೆದುಕೊಂಡೇ ಎರಡು ವರ್ಷ ಕಳೆದಿದ್ದಳು.

"ನಂಗೆ ಕಂಪ್ಯೂಟರ್ ಓದ್ಬೇಕು ಅಂತ ಆಸೆ ಇತ್ತಮ್ಮಾ," ಎಂದಳು. "ಕಣ್ಣು ಸರಿಯಿಲ್ಲ ಅಂದ್ರೆ ನೀನು ಬಿಸಿಎ ಬೇಡ, ಬಿಎ ಮಾಡು ಅಂತೀಯ. ದೊಡ್ಡ ಮಾನಿಟರ್ ಇದ್ರೆ ಹೆಂಗೋ ಮ್ಯಾನೇಜ್ ಮಾಡ್ತೀನಿ ಅಂದ್ಕೊಂಡೆ."

ಇಲ್ಲ, ನಾನು ಹಾಗೆ ಅನ್ನುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಲಾಗಲಿಲ್ಲ. ಏಕೆಂದರೆ ಖಂಡಿತ ಹಾಗೇ ಅನ್ನುತ್ತಿದ್ದೆ. ಎರಡು ವರ್ಷ ಅವಳು ಹೆದರಿಕೊಂಡಿದ್ದದ್ದು ಕಣ್ಣಿನ ತೊಂದರೆಗಿಂತ ಹೆಚ್ಚಾಗಿ ನನಗೆ.

ಸಂಜೆ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಮಗಳ ಕನ್ನಡಕ ತೆಗೆದುಕೊಂಡು ಪಂಚೆಯ ಅಂಚಿನಿಂದ ಎಷ್ಟೋ ಹೊತ್ತು ಒರೆಸಿದರು, ಆಮೇಲೆ ಸೋಮವಾರಕ್ಕೆ ರಜೆ ಹಾಕಿದರು.

ಕಣ್ಣಾಸ್ಪತ್ರೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದಾದ ಮೇಲೊಂದು ಪರೀಕ್ಷೆ ನಡೆಯಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರ್ ಪರದೆಯಲ್ಲಿ ಬಣ್ಣಬಣ್ಣದ ಚಿತ್ರವೊಂದನ್ನು ತೋರಿಸುತ್ತ, "ಇದಕ್ಕೆ ಕೆರಟೋಕೋನಸ್ ಅಂತೀವಿ. ಕಣ್ಣಿನ ಮುಂದಿರೋ ಗಾಜಿನಂಥ ಪದರ ತೆಳ್ಳಗಾಗಿ, ಒತ್ತಡಕ್ಕೆ ಮೊನಚಾಗಿ ಮುಂದಕ್ಕೆ ಬರುತ್ತೆ. ಅದಕ್ಕೇ ಕನ್ನಡಕದಲ್ಲಿ ಸರಿಹೋಗ್ತಿಲ್ಲ," ಎಂದರು.

"ಮೊಬೈಲಿಂದ ಬಂದಿರೋದಾ?" ನಾನು ಕೇಳಿದೆ.

"ಇಲ್ಲಮ್ಮ, ಮೊಬೈಲಿಗೂ ಇದಕ್ಕೂ ಸಂಬಂಧ ಇಲ್ಲ. ಕಣ್ಣು ಜೋರಾಗಿ ಉಜ್ಜೋ ಅಭ್ಯಾಸ ಇದೆಯಾ?"

ಇತ್ತು. ಚಿಕ್ಕಂದಿನಿಂದಲೂ ಧೂಳಿನ ಅಲರ್ಜಿ, ಯಾವಾಗಲೂ ಮುಂಗೈಯಿಂದ ಕಣ್ಣು ಉಜ್ಜುತ್ತಿದ್ದಳು. ಇನ್ನು ಮುಂದೆ ಉಜ್ಜಲೇಬಾರದು ಎಂದರು. ಎಡಗಣ್ಣಿನಲ್ಲೂ ಸಾಕಷ್ಟು ಬೆಳೆದಿದೆ, ಬಲಗಣ್ಣಿನಲ್ಲಿ ಇನ್ನೂ ಬಹಳ ಮುಂದೆ ಹೋಗಿದೆ, ಆದರೂ ಇಲ್ಲಿಗೇ ನಿಲ್ಲಿಸಲು ಪ್ರಯತ್ನಿಸಬಹುದು ಎಂದರು. ಇನ್ನೊಂದು ವರ್ಷ ಬಿಟ್ಟಿದ್ದರೆ ಬಲಗಣ್ಣಿನ ಆ ಪದರವನ್ನೇ ಬದಲಾಯಿಸಬೇಕಾಗಿ ಬರುವ ಸಾಧ್ಯತೆಯಿತ್ತಂತೆ. ಹರ್ಷಿತಾ ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟರ್, ನಾನು ಕಂಪ್ಯೂಟರ್ ಓದಬಹುದಾ?"

"ಧಾರಾಳವಾಗಿ ಓದು," ಎಂದರು ಅವರು. ಆಗ ಅವಳು ನನ್ನ ಕಡೆ ತಿರುಗಿ ನೋಡಿದಳು. ನಾನು ತಲೆಯಾಡಿಸಿದೆ.

ಮೊದಲು ಬಲಗಣ್ಣಿಗೆ, ಒಂದೂವರೆ ತಿಂಗಳ ನಂತರ ಎಡಗಣ್ಣಿಗೆ ಚಿಕಿತ್ಸೆಯಾಯಿತು. ಔಷಧಿ ಹಾಕಿ, ಒಂದು ಬಗೆಯ ಬೆಳಕು ಬಿಟ್ಟು ಆ ಪದರವನ್ನು ಗಟ್ಟಿ ಮಾಡುತ್ತಾರೆ. ಎರಡು ಸಲವೂ ಮೊದಲ ಮೂರು ದಿನ ತುಂಬ ನೋವಿತ್ತು. ಬೆಳಕು ನೋಡಲಾಗದೆ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿರುತ್ತಿದ್ದಳು. ಕಾಲೇಜಿನಲ್ಲಿ ಪಾಠ ಆಗಲೇ ಶುರುವಾಗಿದ್ದರಿಂದ ನಾನೇ ಅವಳ ಪುಸ್ತಕ ಓದಿ ಹೇಳುತ್ತಿದ್ದೆ. ಇಪ್ಪತ್ತು ವರ್ಷದಿಂದ ಸಂಧಿ ಸಮಾಸ ಹೇಳಿಕೊಡುತ್ತಿದ್ದವಳು ಸಿ ಪ್ರೋಗ್ರಾಮಿಂಗ್ ಓದುತ್ತ ಕೂತೆ. ಸಾಲಿನ ಕೊನೆಯ ಅರ್ಧವಿರಾಮವನ್ನು ನಾನು ಓದದೆ ಬಿಟ್ಟರೆ, ಮಲಗಿದ್ದಲ್ಲಿಂದಲೇ, "ಅಮ್ಮಾ, ಸೆಮಿಕೋಲನ್ ಬಿಟ್ಟೆ. ಪ್ರೋಗ್ರಾಂ ಓಡಲ್ಲ," ಎನ್ನುತ್ತಿದ್ದಳು. ಅವಳು ತಪ್ಪು ತಿದ್ದುವುದು, ನಾನು ತಿದ್ದಿಸಿಕೊಳ್ಳುವುದು ಇಬ್ಬರಿಗೂ ಹೊಸದು. ಆ ದಿನಗಳಲ್ಲಿ ನಾವು ಆಡಿದಷ್ಟು ಮಾತು ಅದಕ್ಕೆ ಮೊದಲು ಎಷ್ಟೋ ವರ್ಷಗಳಲ್ಲಿ ಆಡಿರಲಿಲ್ಲ.

ಡಿಸೆಂಬರ್ ಹೊತ್ತಿಗೆ ಎರಡೂ ಕಣ್ಣಿಗೆ ವಿಶೇಷ ಲೆನ್ಸ್ ಬಂತು. ಅದನ್ನು ಹಾಕಿಕೊಂಡು ಆಸ್ಪತ್ರೆಯಿಂದ ಹೊರಗೆ ಬಂದವಳು ರಸ್ತೆಯಲ್ಲಿದ್ದ ಬೋರ್ಡುಗಳನ್ನೆಲ್ಲ ಓದತೊಡಗಿದಳು. ಬೇಕರಿ, ಟೈಲರ್, ಮನೆ ಬಾಡಿಗೆಗಿದೆ, ಕಸ ಹಾಕಬೇಡಿ. ನಮ್ಮ ಮನೆಯವರು ಕೈರುಮಾಲು ತೆಗೆದು ಮುಖ ಒರೆಸಿಕೊಂಡರು.

ಆ ವಾರ ಮೂವರೂ ರೇಣುಕಾ ಅವರ ಅಂಗಡಿಗೆ ಹೋದೆವು. ಅವರಿಗೆ ನಮ್ಮ ನೆನಪಿತ್ತು. ಎಲ್ಲವನ್ನೂ ಕೇಳಿಸಿಕೊಂಡು ಹರ್ಷಿತಾಳ ಗಲ್ಲ ಹಿಡಿದು ಕಣ್ಣುಗಳನ್ನು ನೋಡಿದರು. ನಾನು ಅವರ ಎರಡೂ ಕೈ ಹಿಡಿದುಕೊಂಡೆ. "ಅಯ್ಯ, ಬಿಡ್ರಿ ಮೇಡಮ್," ಎಂದು ಅವರೇ ಸಂಕೋಚಪಟ್ಟರು.

"ಈಗ ಹೇಳವ್ವಾ, ಯಾವ್ದು ಬೇಕು?"

"ಡೆಸ್ಕ್‌ಟಾಪೇ ಆಂಟಿ. ಲೆನ್ಸ್ ಇಡೀ ದಿನ ಹಾಕೋಕಾಗಲ್ಲ. ತೆಗೆದ ಮೇಲೆ ಮನೇಲಿ ಕೆಲ್ಸ ಮಾಡೋಕೆ ದೊಡ್ಡ ಸ್ಕ್ರೀನ್ ಬೇಕು. ಲ್ಯಾಪ್‌ಟಾಪ್ ಕೊನೇ ವರ್ಷ ನೋಡೋಣ."

ಅದನ್ನೇ ಕೊಂಡೆವು. ಹಾಲಿನಲ್ಲಿದ್ದ ದಿವಾನ್ ಅನ್ನು ರೂಮಿಗೆ ಸರಿಸಿ ಜಾಗ ಮಾಡಿದೆವು.

ಈಗ ಅವಳದು ಕೊನೆಯ ವರ್ಷ. ಬಲಗಣ್ಣು ಪೂರ್ತಿ ಸರಿಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಇದ್ದಲ್ಲಿಗೇ ನಿಂತಿದೆ. ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತೇವೆ. ಆ ಮಧ್ಯಾಹ್ನ ರೇಣುಕಾ ಒಂದು ಲ್ಯಾಪ್‌ಟಾಪ್ ಮಾರಿ ನಮ್ಮನ್ನು ಕಳಿಸಿಬಿಟ್ಟಿದ್ದರೆ ಅವರದು ತಪ್ಪು ಎಂದು ಯಾರೂ ಅನ್ನುತ್ತಿರಲಿಲ್ಲ. ನಾನಂತೂ ಮೊದಲು ಕೇಳಿದ್ದೇ ಅದನ್ನು. ಪರರಿಗೆ ಕಂಡದ್ದು ನನಗೆ ಕಾಣಲಿಲ್ಲವಲ್ಲ ಎಂಬ ನೋವು ಇನ್ನೂ ಹೋಗಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಹರ್ಷಿತಾ ಅಡುಗೆಮನೆಯ ಬಾಗಿಲಿಗೆ ಬಂದು, "ಅಮ್ಮಾ, ಎರಡು ದಿನದಿಂದ ಎಡಗಣ್ಣು ಸ್ವಲ್ಪ ಮಂಜು ಅನ್ನಿಸ್ತಾ ಇದೆ," ಎಂದಳು. ಒಲೆ ಆರಿಸಿ ಅವಳ ಜೊತೆ ಕೂತು ಎಲ್ಲ ಕೇಳಿದೆ. ಶಾಲೆಗೆ ಫೋನ್ ಮಾಡಿ ಬರುವುದಿಲ್ಲವೆಂದೆ. ಲೆನ್ಸ್‌ಗೆ ಕೊಳೆ ಕೂತಿತ್ತಂತೆ, ಕಣ್ಣಿಗೆ ಏನೂ ಆಗಿರಲಿಲ್ಲ. ವಾಪಸ್ ಬರುವಾಗ ಆಟೊದಲ್ಲಿ ಅವಳು, "ಸುಮ್ನೆ ನಿನ್ ರಜಾ ವೇಸ್ಟ್ ಆಯ್ತು," ಎಂದು ಬೇಸರಪಟ್ಟುಕೊಂಡಳು.

ಕಣ್ಣಿಗೆ ಏನೂ ಆಗಿಲ್ಲವೆಂಬ ಸಮಾಧಾನಕ್ಕಿಂತ, ಮಂಜಾಗಿದೆ ಎಂದು ಅವಳು ಮೊದಲು ನನ್ನ ಹತ್ತಿರ ಬಂದು ಹೇಳಿದಳಲ್ಲ ಎಂಬ ಸಮಾಧಾನವೇ ನನಗೆ ಹೆಚ್ಚಾಗಿತ್ತು. ಅವಳ ಕೈ ಹಿಡಿದುಕೊಂಡು ಕೂತೆ. ಮನೆ ಬರುವವರೆಗೂ ಅವಳು ಕೈ ಬಿಡಿಸಿಕೊಳ್ಳಲಿಲ್ಲ.