ಅಕ್ಕಿಯಲ್ಲಿ ಇಲ್ಲದ ಕಲ್ಲು

ನಾನು ಚಿಕ್ಕವನಿದ್ದಾಗ ನಮ್ಮ ಮಲ್ಪೆಯ ಮನೆಯಲ್ಲಿ ಏನು ಕೆಟ್ಟರೂ ಬೈಗುಳ ಅಕ್ಕನಿಗೇ. ಅಮ್ಮ ತೀರಿಹೋದ ಮೇಲೆ ಮನೆ ನೋಡಿಕೊಳ್ಳಲು ಬಂದಿದ್ದ ಅತ್ತೆ, ಎಂದರೆ ಅಪ್ಪನ ಅಕ್ಕ, ಹಾಲು ಒಡೆದರೂ ಬೆಕ್ಕು ಮೀನು ಕದ್ದರೂ ಅವಳ ಹೆಸರನ್ನೇ ಕೂಗುತ್ತಿದ್ದರು. ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ, ಮಕ್ಕಳೇ. ಹಿರಿಯರ ಬಗ್ಗೆ ಹಾಗೆ ಹೇಳಬಾರದು ಎಂದು ನಿಮ್ಮ ಅಜ್ಜಿ ಕಣ್ಣು ಬಿಡುತ್ತಿದ್ದಾಳೆ. ಬಿಡಲಿ.

ಒಂದು ಬೆಳಿಗ್ಗೆ ಗಂಜಿಯ ಮುಂದೆ ಕುಳಿತಿದ್ದೆ. ಕುಚ್ಚಲಕ್ಕಿಯ ಬಿಸಿ ಹಬೆ, ಸುಟ್ಟ ಒಣಮೀನಿನ ಘಾಟು. ಇದ್ದಕ್ಕಿದ್ದಂತೆ ಬೆನ್ನಿನ ಪಕ್ಕದಿಂದ ಕೆಳಹೊಟ್ಟೆಯವರೆಗೆ ಕತ್ತಿಯಲ್ಲಿ ಗೀರಿದಂತಾಯಿತು. ಬಟ್ಟಲು ಉರುಳಿತು, ನಾನೂ ನೆಲದಲ್ಲಿ ಉರುಳಾಡಿದೆ, ವಾಂತಿ ಮಾಡಿಕೊಂಡೆ. ಮೂತ್ರ ಮಾಡಿದರೆ ಕೆಂಪಗೆ ಬಂತು. ಆಗಷ್ಟೇ ಬೋಟಿನಿಂದ ಬಂದಿದ್ದ ಅಪ್ಪ ಒದ್ದೆ ಲುಂಗಿಯಲ್ಲೇ ನನ್ನನ್ನು ಎತ್ತಿಕೊಂಡು ಬಸ್ಸು ಹತ್ತಿದರು. ಅಕ್ಕ, ಅತ್ತೆ ಹಿಂದೆಯೇ ಬಂದರು.

ಮಣಿಪಾಲದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ನೋವು ಇಳಿಸಿದರು. ಮೂತ್ರ ಪರೀಕ್ಷೆ ಮಾಡಿ, ತಣ್ಣಗಿನ ಮೇಜಿನ ಮೇಲೆ ಮಲಗಿಸಿ ಎಕ್ಸ್‌ರೇ ತೆಗೆದರು. ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು, ಮೂತ್ರದ ದಾರಿಯಲ್ಲಿ ಸಣ್ಣದೊಂದು ಕಲ್ಲು ಉಂಟು ಎಂದರು. ಕಲ್ಲು ಎಂಬ ಮಾತು ಸಾಕಾಯಿತು ಅತ್ತೆಗೆ.

"ಅಕ್ಕಿ ಆರಿಸುವಾಗ ಕಣ್ಣು ಎಲ್ಲಿ ಇಟ್ಟಿದ್ದಿ ನೀನು?" ಎಂದು ಅಕ್ಕನ ಮೇಲೆ ಎಗರಿದರು. "ತಮ್ಮನ ಹೊಟ್ಟೆಗೆ ಕಲ್ಲು ಹಾಕಿದೆಯಲ್ಲ. ಇನ್ನು ಅಡುಗೆಮನೆಗೆ ಕಾಲಿಡಬೇಡ."

ಗಂಜಿಯಲ್ಲಿ ಆಗಾಗ ಕಲ್ಲು ಸಿಗುತ್ತಿತ್ತು, ಸುಳ್ಳಲ್ಲ. ವರ್ಷಕ್ಕೊಮ್ಮೆಯಾದರೂ ಬಾಳೆದಿಂಡು ತಿಂದರೆ ಹೊಟ್ಟೆಗೆ ಹೋದ ಕಲ್ಲು, ಕೂದಲು ಕರಗುತ್ತದೆ ಎಂದು ನಂಬಿದ ಊರು ನಮ್ಮದು. ಹಾಗಾಗಿ ಅಪ್ಪನೂ ಅತ್ತೆಯ ಮಾತನ್ನೇ ನಂಬಿದರು. ಅಕ್ಕನ ಮುಖ ನೋಡಿದೆ. ತನ್ನದೇ ತಪ್ಪು ಎಂದು ಅವಳೂ ನಂಬಿಬಿಟ್ಟಿದ್ದಳು.

"ಅಕ್ಕಿಯ ಕಲ್ಲು ನುಂಗಿದರೆ ಮಲದಲ್ಲಿ ಹೋಗುತ್ತದೆ ಅಮ್ಮ," ಎಂದರು ಡಾಕ್ಟರ್. "ಇದು ನೀರು ಸಾಲದೆ ಒಳಗೇ ಬೆಳೆದದ್ದು." ಆಮೇಲೆ ನನ್ನ ಕಡೆ ತಿರುಗಿದರು. "ಶಾಲೆಯಲ್ಲಿ ನೀರು ಕುಡಿಯುತ್ತೀಯಾ?"

"ಇಲ್ಲ."

"ಎಂತಕ್ಕೆ?"

"ಕುಡಿದರೆ ಒಂದಕ್ಕೆ ಬರುತ್ತದೆ. ಬೆರಳು ಎತ್ತಿದರೆ ಮಾಸ್ಟ್ರು ಹೊಡೆಯುತ್ತಾರೆ."

ಅಪ್ಪ ನನ್ನನ್ನೇ ನೋಡಿದರು. ಮೂತ್ರ ತಿಳಿಯಾಗುವವರೆಗೆ ದಿನವಿಡೀ ನೀರು ಕುಡಿಯಬೇಕು, ಉಪ್ಪು, ಒಣಮೀನು ಕಡಿಮೆ ಮಾಡಬೇಕು, ಬಾಳೆದಿಂಡು ಬೇಕಾದರೆ ತಿನ್ನಲಿ, ಆದರೆ ಅದನ್ನೇ ನಂಬಿ ಕೂರಬಾರದು ಎಂದರು ಡಾಕ್ಟರ್. ಮೂತ್ರವನ್ನು ಬಟ್ಟೆಯಲ್ಲಿ ಸೋಸಿ, ಕಲ್ಲು ಸಿಕ್ಕಿದರೆ ಪರೀಕ್ಷೆಗೆ ತರಲು ಹೇಳಿದರು. ಅತ್ತೆ ಮಾತ್ರ ಒಪ್ಪಲಿಲ್ಲ. ಕಲ್ಲು ಕಲ್ಲೇ, ಎಲ್ಲಿಂದ ಬರಬೇಕು ಅದು, ಎಂದು ದಾರಿಯುದ್ದಕ್ಕೂ ಗೊಣಗಿದರು. ಮನೆಗೆ ಬಂದ ಮೇಲೂ ಅಡುಗೆಮನೆಗೆ ಬಿಡದ ಕಾರಣ ಅಕ್ಕ ಹಿತ್ತಿಲ ಜಗಲಿಯಲ್ಲೇ ಉಂಡಳು.

ಮೂತ್ರ ಸೋಸಲು ಡಬ್ಬಿಯ ಬಾಯಿಗೆ ತೆಳು ಬಟ್ಟೆ ಕಟ್ಟಿಕೊಟ್ಟವಳೂ ಅವಳೇ. ಕೆಲವು ದಿನ ಕಳೆದು ಒಮ್ಮೆ ಉರಿಯೋ ಉರಿ, ಆಮೇಲೆ ಬಟ್ಟೆಯಲ್ಲಿ ಸಾಸಿವೆಗಿಂತ ತುಸು ದೊಡ್ಡದೊಂದು ಕಲ್ಲು. ಕಂದು ಬಣ್ಣ, ಮೈಯೆಲ್ಲ ಮುಳ್ಳು. ಅಕ್ಕ ಅದನ್ನು ಅಂಗೈಯಲ್ಲಿಟ್ಟು ಅತ್ತೆಯ ಮೂಗಿನ ಬಳಿಗೇ ಹಿಡಿದಳು.

"ಇಂಥದ್ದು ಯಾವ ಅಕ್ಕಿಯಲ್ಲಿ ಉಂಟು ಅತ್ತೆ? ತೋರಿಸಿ."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಅದನ್ನು ತೊಳೆದಿದ್ದಿಯಾ?" ಎಂದರು. ತಪ್ಪಾಯಿತು ಎಂಬ ಮಾತು ಮಾತ್ರ ಬರಲಿಲ್ಲ. ಅಕ್ಕ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತಳು. ಅವಳನ್ನು ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಮರುದಿನ ಅಪ್ಪ ಮೀನಿನ ವಾಸನೆಯ ಲುಂಗಿಯಲ್ಲೇ ಶಾಲೆಗೆ ಬಂದು ತರಗತಿಯ ಬಾಗಿಲಲ್ಲಿ ನಿಂತರು. "ಮಾಸ್ಟ್ರೇ, ಮಕ್ಕಳು ಬೆರಳು ಎತ್ತಿದರೆ ಬಿಡಬೇಕು. ಇಲ್ಲದಿದ್ದರೆ ನಾನು ದಿನಾ ಇಲ್ಲೇ ನಿಲ್ಲುತ್ತೇನೆ," ಎಂದರು. ಮಾಸ್ಟ್ರು ಬೆತ್ತ ಕೆಳಗಿಟ್ಟರು.

ಈಗ ನಿಮ್ಮ ಅಕ್ಕಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಹುಡುಕಿದರೂ ಕಲ್ಲಿಲ್ಲ. ಹೊಟ್ಟೆಯೊಳಗಿನದು ಸ್ಕ್ಯಾನಿನಲ್ಲಿ ಕಾಣುತ್ತದೆ. ನಿಮ್ಮ ಟೀಚರು ಹೊಡೆಯುವುದಿಲ್ಲ. ಆದರೂ ಬೆಳಿಗ್ಗೆ ಅಮ್ಮ ತುಂಬಿಸಿ ಕೊಟ್ಟ ಬಾಟಲಿ ಸಂಜೆ ತುಂಬಿಯೇ ಮನೆಗೆ ಬರುತ್ತದೆ. ಕೇಳಿದರೆ, "ಟಾಯ್ಲೆಟ್ ವಾಸನೆ ಅಜ್ಜ, ಬಾಗಿಲಿಗೆ ಚಿಲಕವೂ ಇಲ್ಲ," ಎನ್ನುತ್ತೀರಿ. ನಿನ್ನೆ ಚಿಕ್ಕವಳು ಹೊಟ್ಟೆನೋವು ಎಂದಾಗ, ಟಿಫಿನ್ನಿಗೆ ಎಂತ ಹಾಕಿದ್ದಿ ಎಂದು ನಿಮ್ಮ ಅಪ್ಪ ಬೈದದ್ದು ಅಮ್ಮನನ್ನೇ. ನನಗೆ ಅತ್ತೆಯ ಸ್ವರವೇ ಕೇಳಿಸಿತು. ನಾಳೆ ನಿಮ್ಮ ಅಪ್ಪನನ್ನೂ ಎಳೆದುಕೊಂಡು ನಿಮ್ಮ ಶಾಲೆಗೆ ಬರುತ್ತೇನೆ. ಆ ಬಾಗಿಲಿಗೆ ಚಿಲಕ ಹಾಕುವವರೆಗೆ ಅಲ್ಲೇ ನಿಲ್ಲುತ್ತೇನೆ.